ಎಲೆಗೆ ಇಸ್ತ್ರಿ ಹಾಕುತ್ತಿದ್ದವರು

ಎಲೆಗೆ ಇಸ್ತ್ರಿ ಹಾಕುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೆಲ್ಬರ್ನ್‌ನ ಉತ್ತರದ ತುದಿಯಲ್ಲಿರುವ ಕ್ರೇಗಿಬರ್ನ್‌ನಲ್ಲಿ, ಕನ್ನಡದವರೊಬ್ಬರ ಮನೆಯ ಹಿಂಬದಿಯ ರೂಮಿಗೆ ನಾನು ಬಾಡಿಗೆಗೆ ಬಂದು ಎರಡು ದಿನವಾಗಿತ್ತು. ಏಪ್ರಿಲ್ ಕೊನೆ. ಇಲ್ಲಿ ಅದು ಎಲೆ ಉದುರುವ ಕಾಲ. ಕಾಲೇಜು ಮುಗಿಸಿಕೊಂಡು ಬಂದು ಬಾಗಿಲು ತೆಗೆದರೆ, ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ಕೆಂಪು ಎಲೆಗಳನ್ನು ಸಾಲಾಗಿ ಜೋಡಿಸಿ, ತೆಳುವಾದ ಕಾಗದ ಹೊದಿಸಿ, ಮನೆಯ ಯಜಮಾನರು, ಎತ್ತರದ ಸಣಕಲು ಅಂಕಲ್, ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಒತ್ತುತ್ತಿದ್ದರು.

"ಬಾಗಿಲು ಹಾಕಮ್ಮ ಬೇಗ. ಗಾಳಿ ಬಂದ್ರೆ ಎಲ್ಲಾ ಹಾರ್ಹೋಗುತ್ತೆ," ಎಂದರು, ತಲೆ ಎತ್ತದೆ.

ಅಡುಗೆಮನೆಯಿಂದ ಆಂಟಿಯ ದನಿ ಬಂತು: "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನದೊಂದು ಸೀರೆಗೆ ಇಸ್ತ್ರಿ ಹಾಕಿಲ್ಲ ಇವರು. ಎಲೆಗೆ ನೋಡು ಹೆಂಗೆ ಹಾಕ್ತಾರೆ!"

"ಸೀರೆಗೆ ನರ ಇರಲ್ಲ ಕಣೇ ಇವಳೇ. ಎಲೆಗಿರುತ್ತೆ. ನೋಡ್ಕೊಂಡು ಒತ್ತಬೇಕು."

ಹೆಂಡತಿಯನ್ನು ಅವರು ಕರೆಯುತ್ತಿದ್ದುದೇ ಹಾಗೆ, 'ಏ ಇವಳೇ'. ಆಂಟಿಗೆ ಅವರು 'ರೀ'. ಮೂರು ವರ್ಷ ಆ ಮನೆಯಲ್ಲಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ.

ನನಗೆ ದಾವಣಗೆರೆಯಲ್ಲಿ ಶಾಲೆಗೆ ಹೋಗುವಾಗಿನಿಂದ ಡೈರಿ ಬರೆಯುವ ಅಭ್ಯಾಸ. ದೊಡ್ಡ ಯೋಚನೆಗಳೇನಿಲ್ಲ, ತಾರೀಖು, ಹವೆ, ಏನು ನೋಡಿದೆ, ಎಷ್ಟು ನೋಡಿದೆ. ಆ ದಿನ 'ಎಲೆ, ಇಸ್ತ್ರಿ, ಹನ್ನೊಂದು' ಎಂದು ಬರೆದುಕೊಳ್ಳುತ್ತಿದ್ದುದನ್ನು ಅಂಕಲ್ ನೋಡಿಬಿಟ್ಟರು. ಅಲ್ಲಿಂದ ಮುಂದೆ ನನಗೆ ಆ ಮನೆಯಲ್ಲಿ ಹೆಸರು ಶಾನುಭೋಗರು. "ಏನ್ ಶಾನುಭೋಗರೇ, ಇವತ್ತಿನ ಲೆಕ್ಕ ಆಯ್ತಾ? ಆಂಟಿ ಎಷ್ಟು ಸಲ ಬೈದ್ಲು ನನ್ನ, ಅದೂ ಬರ್ಕೊಳ್ಳಿ."

ಅಂಕಲ್ ತೀರಿಕೊಂಡದ್ದು ಈ ವರ್ಷದ ಏಪ್ರಿಲ್‌ನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರ್‌ನ ಒಂದು ರೂಮಿನಲ್ಲಿ. ನಾನಾಗಲೇ ಕೆಲಸಕ್ಕೆಂದು ಸಿಡ್ನಿಯ ಕೆಲ್ಲಿವಿಲ್‌ಗೆ ಬಂದು ಒಂದು ವರ್ಷ ದಾಟಿತ್ತು. ಆಂಟಿಯ ಮೆಸೇಜ್ ಬಂದಾಗ ಮೆಟ್ರೋದಲ್ಲಿದ್ದೆ. ನನ್ನ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿ ಇಳಿದೆ. ಅವರ ಪೂರ್ತಿ ಜೀವನ ಬರೆಯುವಷ್ಟು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ನಾಲ್ಕು ಚಳಿಗಾಲ ಮತ್ತು ಒಂದು ಕಿಟಕಿ. ಆ ಕಿಟಕಿ ಇರುವ ಮನೆಯಲ್ಲೇ ಕೊನೆಯವರೆಗೆ ಇರಬೇಕೆಂಬುದು ಅವರ ಆಸೆ. ಇರಿಸಿಕೊಳ್ಳಬೇಕೆಂಬುದು ಆಂಟಿಯ ಹಟ. ನಾನು ಕಂಡದ್ದೆಲ್ಲ ಆ ಆಸೆ ಮತ್ತು ಆ ಹಟ ಸ್ವಲ್ಪ ಸ್ವಲ್ಪವೇ ಜಾಗ ಕಳೆದುಕೊಂಡದ್ದನ್ನು.

ಅವರ ಕೆಲಸ ಅಂಗಡಿಗಳ ಕಿಟಕಿ ಅಲಂಕರಿಸುವುದು. ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಬೊಂಬೆಗಳಿಗೆ ಸೀರೆ ಉಡಿಸುತ್ತಿದ್ದವರು ಹೇಗೋ ಮೆಲ್ಬರ್ನ್‌ಗೆ ಬಂದು, ಇಲ್ಲಿನ ದೊಡ್ಡ ಅಂಗಡಿಯೊಂದರ ಗಾಜಿನ ಕಿಟಕಿಗಳಲ್ಲಿ ಕೋಟು ಹಾಕಿದ ಬೊಂಬೆಗಳನ್ನು ನಿಲ್ಲಿಸುತ್ತಾ ರಿಟೈರ್ ಆಗಿದ್ದರು. ಆ ಕಾಲದ ಮಾತು ತೆಗೆದರೆ ಡಿಸೆಂಬರ್ ಬಗ್ಗೆ ಮಾತ್ರ ಸಿಟ್ಟು. "ಹೊರಗೆ ಬಿಸಿಲಿಗೆ ರಸ್ತೆ ಟಾರು ಕರಗ್ತಿರುತ್ತೆ. ಒಳಗೆ ನಾನು ಬನಿಯನ್ ಒದ್ದೆ ಮಾಡ್ಕೊಂಡು ಕ್ರಿಸ್‌ಮಸ್‌ಗೆ ಅಂತ ಹತ್ತಿ ಉದುರಿಸಿ ಹಿಮ ಮಾಡ್ತಿರ್ತೀನಿ. ಈ ಊರಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ ಅಂತ ಕಿಟಕಿಗೆ ಯಾರೂ ಹೇಳ್ಲೇ ಇಲ್ಲ!"

ಅದಕ್ಕೇ ಸ್ವಂತ ಮನೆಯ ಕಿಟಕಿಗೆ ಅವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಹೊರಗೆ ಏನಿದೆಯೋ ಒಳಗೂ ಅದೇ. ಬೀದಿಗೆ ಮುಖ ಮಾಡಿದ ಹಾಲಿನ ದೊಡ್ಡ ಕಿಟಕಿ ಅದು. ಮಾರ್ಚ್ ಬಂತೆಂದರೆ ಅಲ್ಲಿ ಎಲೆ ಉದುರುವ ಕಾಲ ಶುರು. ಕರ್ಟನ್ ರಾಡಿನಿಂದ ಕಣ್ಣಿಗೆ ಕಾಣದ ನೈಲಾನ್ ದಾರದಲ್ಲಿ ಎಲೆಗಳು ಇಳಿಬಿದ್ದಿರುತ್ತಿದ್ದವು, ಬೀಳುತ್ತಾ ಬೀಳುತ್ತಾ ಮಧ್ಯದಲ್ಲೇ ನಿಂತುಬಿಟ್ಟ ಹಾಗೆ. ನಮ್ಮ ಬೀದಿಯುದ್ದಕ್ಕೂ ಹಣ್ಣು ಬಿಡದ ಪೇರ್ ಮರಗಳಿದ್ದವು. ಅವು ಕೆಂಪೇರಿದಂತೆ ಅಂಕಲ್ ಕಿಟಕಿಗೂ ಕೆಂಪು ಸೇರಿಸುತ್ತಾ ಹೋಗುವರು. ಎಲೆಗಳ ಕೆಳಗೆ ಕೊಡೆ ಹಿಡಿದ ಒಂದು ಮಗುವಿನ ಬೊಂಬೆ. ಅದು ಅವರ ಅಂಗಡಿಯಲ್ಲಿ ಮೂಗು ಚಕ್ಕೆ ಎದ್ದು ಕಸಕ್ಕೆ ಹೋಗಬೇಕಿದ್ದದ್ದು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಂದಿದ್ದರಂತೆ.

ಜೂನ್ ಮೊದಲ ಶನಿವಾರ ಕಿಟಕಿ ಬದಲಾಗುತ್ತಿತ್ತು. ಶಾಲೆಗಳಿಗೆ ಚಳಿಗಾಲದ ರಜೆ ಬರುವ ಮುಂಚೆ ಅದು ಆಗಬೇಕು, ಏಕೆಂದರೆ ಬೀದಿಯ ಮಕ್ಕಳು ಅದನ್ನು ಕಾಯುತ್ತಿದ್ದವು. ಎಲೆಗಳನ್ನು ಇಳಿಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು. ಬರಿದಾದ ಒಂದು ಕೊಂಬೆ ತಂದು ನಿಲ್ಲಿಸುವುದು. ಬೊಂಬೆಯ ರೈನ್‌ಕೋಟು ಬಿಚ್ಚಿ ಆಂಟಿ ಹೆಣೆದ ನೀಲಿ ಸ್ವೆಟರ್ ತೊಡಿಸುವುದು. ಅದರ ಕೈಯಲ್ಲಿ ಕೊಡೆಯ ಬದಲು ಒಂದು ಹಿತ್ತಾಳೆ ಲೋಟ. ಲೋಟದಿಂದ ಏಳುವ ಹಬೆಗೆ ಹತ್ತಿ. ಜೀವನವಿಡೀ ಹಿಮವಾಗಿ ಉದುರಿಸಿದ ಹತ್ತಿಯನ್ನು ಅವರು ಮನೆಯಲ್ಲಿ ಬಳಸುತ್ತಿದ್ದುದು ಕಾಫಿಯ ಹಬೆಗೆ ಮಾತ್ರ. ಎಳೆ ಎಳೆಯಾಗಿ ಬಿಡಿಸಿ, ಮೇಲೆ ಹೋದಂತೆ ತೆಳುವಾಗಿಸಿ, ತುದಿಯಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗೆ.

ಕೆಲಸ ಮಾಡುವಾಗ ಗುಂಡುಪಿನ್ನುಗಳು ಅವರ ತುಟಿಗಳ ನಡುವೆ. ಹಾಗಾಗಿ ಮಾತೆಲ್ಲ ಮೂಗಿನಲ್ಲಿ. "ಉಂ ಉಂ" ಅಂದರೆ ಕತ್ತರಿ ಕೊಡು. "ಉಂ ಉಂಉಂ" ಅಂದರೆ ಅದಲ್ಲ, ಸಣ್ಣದು. ಆಂಟಿಗೆ ಈ ಭಾಷೆ ಪೂರ್ತಿ ಬರುತ್ತಿತ್ತು. ನಾನು ಎರಡನೆಯ ವರ್ಷಕ್ಕೆ ಕಲಿತೆ.

ಎಲ್ಲ ಮುಗಿದ ಮೇಲೆ ಒಂದು ಎಲೆಯನ್ನು ಡಬ್ಬದಿಂದ ವಾಪಸ್ ತೆಗೆದು, ಆ ಬರಿ ಕೊಂಬೆಯ ಕೆಳಗೆ ನೆಲದ ಮೇಲೆ ಇಡುತ್ತಿದ್ದರು. ಮೊದಲ ವರ್ಷ ನಾನು ಮರೆತಿದ್ದಾರೆ ಅಂದುಕೊಂಡು ಎತ್ತಲು ಹೋದೆ.

"ಏ ಏ ಶಾನುಭೋಗರೇ, ಮುಟ್ಟಬೇಡಿ! ಹಿಂದಿನದೊಂದು ಇರಬೇಕು."

"ಯಾಕೆ ಅಂಕಲ್? ವಿಂಟರ್ ಬಂತಲ್ಲ."

"ಬಂತು, ಸರಿ. ಹಂಗಂತ ಒಂದೇ ಸಲಕ್ಕೆ ಎಲ್ಲಾ ತೆಗೆದ್ರೆ ಮನೆಗೆ ಗಾಬರಿಯಾಗುತ್ತೆ. ಒಂದು ಬಿಟ್ಟಿರಬೇಕು, ನಿನ್ನೆ ಇಲ್ಲಿ ಏನೋ ಇತ್ತು ಅಂತ ಗೊತ್ತಾಗೋಕೆ."

ಕಡೆಗೆ ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಿಲ್ಲುವರು. ಒಂದು ಕಣ್ಣು ಮುಚ್ಚಿ ನೋಡುವರು. ನಾನೋ ಆಂಟಿಯೋ ಕಿಟಕಿಯೊಳಗೆ ನಿಂತಿರಬೇಕು. ಅಲ್ಲಿಂದ ಕೈಸನ್ನೆ: ಎಡಕ್ಕೆ, ಇನ್ನೂ ಸ್ವಲ್ಪ, ಸಾಕು. ಕಿಟಕಿ ಇರುವುದು ಬೀದಿಗೆ, ಒಳಗಿನಿಂದ ನೋಡಿದರೆ ಕೆಲಸ ಅರ್ಧ ಎನ್ನುವರು. ಕೈ ಎರಡೂ ಮೇಲೆತ್ತಿದರೆ ಮುಗಿಯಿತು ಎಂದರ್ಥ. ಆಂಟಿ ಕಾಫಿ ಸೋಸಲು ಒಳಗೆ ಹೋಗುವರು.

ಎರಡನೆಯ ಚಳಿಗಾಲದಲ್ಲಿ ಮೂರು ಉಳಿದವು. ಒಂದು ಎಲೆ, ಜೊತೆಗೆ ಕೊಡೆ, ಬೊಂಬೆಯ ಸ್ವೆಟರ್ ಮೇಲೆ ರೈನ್‌ಕೋಟು. ನಾನು ಡೈರಿಯಲ್ಲಿ ಹಾಗೇ ಬರೆದುಕೊಂಡು, "ಈ ವರ್ಷ ಮೂರು ಅಂಕಲ್?" ಎಂದು ಕೇಳಿದೆ. ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿ, "ಈ ಸಲ ಮಳೆ ಜಾಸ್ತಿ ಅಲ್ವಾ," ಎಂದರು. ನಿಜಕ್ಕೂ ಆ ವರ್ಷ ಮಳೆ ಜಾಸ್ತಿಯಿತ್ತು. ಅವರ ಉತ್ತರಗಳು ಆಗ ಯಾವತ್ತೂ ತಪ್ಪುತ್ತಿರಲಿಲ್ಲ.

ಅವರ ಮಗಳು ಊರಿನ ಆ ತುದಿಯಲ್ಲಿ, ವಿಂಡಮ್ ವೇಲ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು; ಕನ್ನಡ ಪೂರ್ತಿ ಅರ್ಥವಾಗುತ್ತೆ, ಬಾಯಿಗೆ ಬರುವುದು ಇಂಗ್ಲಿಷ್. ಅಪ್ಪ ಅಮ್ಮ ಈ ಮನೆ ಮಾರಿ ತನ್ನ ಹತ್ತಿರ ಬಂದುಬಿಡಲಿ ಎಂದು ಬಂದಾಗಲೆಲ್ಲ ಹೇಳುವಳು.

"ನಿನ್ನ ಮನೇಲಿ ಬೀದಿಗೆ ಕಿಟಕಿ ಎಲ್ಲಮ್ಮ ಇದೆ?" ಅಂಕಲ್ ಕೇಳುವರು. "ಮುಂದೆ ಇರೋದೆಲ್ಲ ಗ್ಯಾರೇಜ್ ಬಾಗಿಲು. ಅದಕ್ಕೆ ಸ್ವೆಟರ್ ಹಾಕ್ಲಾ?"

"ಡ್ಯಾಡ್, ಇಟ್ಸ್ ಜಸ್ಟ್ ಅ ವಿಂಡೋ."

"ಕೇಳಿದ್ಯಾ ಇವಳೇ, ಜಸ್ಟ್ ಅಂತೆ!"

ಎಲ್ಲರೂ ನಗುತ್ತಿದ್ದೆವು, ಮಗಳೂ.

ಮೂರನೆಯ ಚಳಿಗಾಲದ ಆ ಶನಿವಾರ ನನಗೆ ಪಾರ್ಟ್‌ಟೈಮ್ ಕೆಲಸದ ವೀಕೆಂಡ್ ಶಿಫ್ಟು. ಸಂಜೆ ವಾಪಸಾಗುವಾಗ ಬೀದಿಯ ತಿರುವಿನಿಂದಲೇ ಕಿಟಕಿ ಹೊಳೆಯುತ್ತಿತ್ತು. ಬರಿ ಕೊಂಬೆಗೆ ಆಕಾಶಬುಟ್ಟಿ ಕಟ್ಟಿದ್ದರು, ಒಳಗೆ ದೀಪ ಹಾಕಿ. ಕೆಳಗೆ ಸಾಲಾಗಿ ಹಣತೆ. ಎಲೆಗಳು ಅರ್ಧಕ್ಕಿಂತ ಹೆಚ್ಚು ಇಳಿದೇ ಇರಲಿಲ್ಲ. ಜೂನ್ ತಿಂಗಳಲ್ಲಿ ದೀಪಾವಳಿ.

ಮನೆಯೊಳಗೆ ಜನ. ಅಕ್ಕಪಕ್ಕದ ಸಬರ್ಬ್‌ಗಳಿಂದ ಎರಡು ಮೂರು ಕನ್ನಡದ ಸಂಸಾರಗಳು ಊಟಕ್ಕೆ ಬಂದಿದ್ದವು. ಕಿಟಕಿ ನೋಡಿ ಎಲ್ಲರಿಗೂ ಖುಷಿಯೋ ಖುಷಿ. ನಮಗೆಲ್ಲ ಅಂಕಲ್ ಮೊದಲಿನಿಂದ ಹೇಳುತ್ತಿದ್ದ ಒಂದು ತಮಾಷೆ ಗೊತ್ತಿತ್ತು: ಇಲ್ಲಿ ಎಲ್ಲ ಉಲ್ಟಾ, ಪಂಚಾಂಗ ಮಾತ್ರ ನೆಟ್ಟಗೆ ಬಂದುಬಿಟ್ಟಿದೆ, ಚಳಿ, ಕತ್ತಲೆ, ದೀಪ ಹಚ್ಚಬೇಕೆನ್ನಿಸುವ ಸಂಜೆ ಇರುವುದು ಜೂನ್‌ನಲ್ಲಿ, ಹಾಗಾಗಿ ನಮ್ಮ ನಿಜವಾದ ಕಾರ್ತಿಕ ಇದೇ. ಆ ತಮಾಷೆಯನ್ನು ಈಗ ಮಾಡಿಯೇ ತೋರಿಸಿದ್ದಾರೆ ಎಂದು ಎಲ್ಲರೂ ಅಂದುಕೊಂಡರು.

"ಅಂಕಲ್, ನೀವು ಜೀನಿಯಸ್!" ಅಂದ ಒಬ್ಬ. "ಆಸ್ಟ್ರೇಲಿಯಾ ಕಾರ್ತಿಕ!" ಅಂದಳು ಅವನ ಹೆಂಡತಿ, ಫೋಟೋ ತೆಗೆಯುತ್ತಾ. ಫೋಟೋ ಕನ್ನಡ ಗ್ರೂಪಿಗೆ ಹೋಯಿತು. ಚಪ್ಪಾಳೆಗಳು ಬಂದವು. ಮುಂದಿನ ವರ್ಷ ನಾವೆಲ್ಲರೂ ಹೀಗೇ ಮಾಡಬೇಕು ಎಂದು ಯಾರೋ ಬರೆದರು.

ಅಂಕಲ್ ಮಧ್ಯದಲ್ಲಿ ನಿಂತು ನಗುತ್ತಿದ್ದರು, ಜನ ನಗುವಾಗ ನಗಬೇಕೆಂದು ಗೊತ್ತಿರುವವರ ಹಾಗೆ. ಆಮೇಲೆ ಆಂಟಿಯ ಕಡೆ ತಿರುಗಿ ಕೇಳಿದರು, "ಏ ಇವಳೇ, ಪಟಾಕಿ ಎಲ್ಲಿಟ್ಟಿದ್ದೀಯಾ? ಮಕ್ಕಳು ಕಾಯ್ತಾ ಇದಾವೆ."

ಮನೆ ಹಾರಿಹೋಗುವಷ್ಟು ನಗು. ಒಬ್ಬರಂತೂ ಸೋಫಾದ ಕೈ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಂಟಿ ಮಾತ್ರ ಪಲ್ಯದ ಬಟ್ಟಲನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ವಾಪಸ್ ಹೋದರು. ನೀರು ತರಲು ಹಿಂದೆಯೇ ಹೋದೆ. ಅವರು ನಲ್ಲಿ ಬಿಟ್ಟು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದರು.

"ನಗಬೇಡ ಕಣೇ," ಎಂದರು, ತಿರುಗದೆ. "ಅವರು ನಿಜವಾಗ್ಲೂ ಕೇಳಿದ್ದು."

ಹಾಲಿನಲ್ಲಿ ಇನ್ನೂ ನಗು ಮುಗಿದಿರಲಿಲ್ಲ.

"ಹೋದ ತಿಂಗಳು ಗೋಕುಲಾಷ್ಟಮಿ ಅಂದ್ರು. ಹೂಂ ಅಂತ ಚಕ್ಕುಲಿ ಮಾಡಿಕೊಟ್ಟೆ. ಯಾರಿಗೆ ಹೇಳ್ಲಿ? ಹೇಳಿದ್ರೆ ನಗ್ತಾರೆ. ಋತು ಉಲ್ಟಾ ಅಲ್ವಾ ಆಂಟಿ, ನಮಗೂ ಹಂಗೇ ಆಗುತ್ತೆ ಅಂತಾರೆ." ನಲ್ಲಿ ನಿಲ್ಲಿಸಿದರು. "ಎಲ್ಲರಿಗೂ ಆಗುತ್ತೆ ನಿಜ. ಆದರೆ ಎಲ್ಲರಿಗೂ ಆಮೇಲೆ ಸರಿಹೋಗುತ್ತೆ."

ಬೇರೆ ದೇಶದಲ್ಲಾಗಿದ್ದರೆ, ಜೂನ್‌ನಲ್ಲಿ ದೀಪಾವಳಿ ಎಂದವರನ್ನು ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರೇನೋ. ಇಲ್ಲಿ ನಮ್ಮೆಲ್ಲರ ಹತ್ತಿರ ಒಂದು ವಿವರಣೆ ಸಿದ್ಧವಿತ್ತು, ಅದೂ ಬಹಳ ಚೆನ್ನಾಗಿರುವ ವಿವರಣೆ, ಅದನ್ನು ಕೊಟ್ಟವರೂ ಅವರೇ. ಮರೆವು ಅದರ ಹಿಂದೆ ಒಂದು ವರ್ಷ ಆರಾಮವಾಗಿ ಕೂತಿತ್ತು.

ಆಮೇಲೆ ಡಾಕ್ಟರು, ಸ್ಕ್ಯಾನು, ಕಾಯಿಲೆಗೊಂದು ಉದ್ದನೆಯ ಹೆಸರು. ಪರೀಕ್ಷೆಗೆಂದು ಗಡಿಯಾರದ ಚಿತ್ರ ಬರೆಯಿರಿ ಎಂದರಂತೆ. ಅಂಕಲ್ ಬಹಳ ಚೆಂದದ ಗಡಿಯಾರ ಬರೆದು, ಸುತ್ತ ಬಳ್ಳಿ ಬಿಡಿಸಿ, ಮುಳ್ಳು ಹಾಕುವುದನ್ನು ಬಿಟ್ಟರಂತೆ. ಇದನ್ನು ಹೇಳುವಾಗ ಆಂಟಿಗೆ ಒಳಗೊಳಗೆ ಆ ಬಳ್ಳಿಯ ಬಗ್ಗೆ ಹೆಮ್ಮೆಯಿತ್ತು.

ಆ ವರ್ಷ ಮನೆಯಲ್ಲಿ ಎಲ್ಲರೂ ಅವರ ಬಾಯಿ ನೋಡುತ್ತಿದ್ದೆವು. ಪಿನ್ನುಗಳನ್ನು ತುಟಿಯಲ್ಲಿಟ್ಟುಕೊಂಡೇ ಊಟಕ್ಕೆ ಬಂದು ಕೂರುತ್ತಿದ್ದರು. ಆಂಟಿ ಅಂಗೈ ಮುಂದೆ ಹಿಡಿದು, "ರೀ, ಬಾಯಿ ಬಿಡಿ," ಎಂದರೆ ಮಗುವಿನ ಹಾಗೆ ಬಿಡುವರು. ಒಂದೊಂದಾಗಿ ಪಿನ್ನು ಆಂಟಿಯ ಅಂಗೈಗೆ. ಒಂದು ದಿನ ನಾನು ಮನೆಯ ಪಿನ್ನಿನ ಡಬ್ಬಿಗಳನ್ನೆಲ್ಲ ನನ್ನ ರೂಮಿನಲ್ಲಿ ಬಚ್ಚಿಟ್ಟೆ. ಅವರು ಇಡೀ ದಿನ ಮನೆಯನ್ನೆಲ್ಲ ಹುಡುಕಿದರು, ಏನು ಹುಡುಕುತ್ತಿದ್ದೇನೆ ಎಂದು ಹೇಳಲು ಬಾರದೆ. ಆಂಟಿ ಬಂದು ನನ್ನ ಬಾಗಿಲು ತಟ್ಟಿ, "ಕೊಟ್ಬಿಡೇ. ನಾನೇ ನೋಡ್ಕೋತೀನಿ," ಎಂದು ಡಬ್ಬಿಗಳನ್ನು ವಾಪಸ್ ತೆಗೆದುಕೊಂಡು ಹೋದರು. ಇಟ್ಟರೂ ಕಷ್ಟ, ತೆಗೆದರೂ ಕಷ್ಟ. ಅದಕ್ಕೆ ಮೂರನೆಯ ದಾರಿ ಏನಾದರೂ ಇತ್ತೇ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಂಕಲ್ ಬಾಗಿಲವರೆಗೆ ಬಂದು, "ಹುಷಾರು ಶಾನುಭೋಗರೇ. ಅಲ್ಲಿ ಕಿಟಕಿ ಇದೆ ತಾನೆ?" ಎಂದು ಕೇಳಿದರು. ಇದೆ ಎಂದೆ.

ಮರುವರ್ಷ ಮೇ ತಿಂಗಳಲ್ಲಿ ಆಂಟಿ ಫೋನ್ ಮಾಡಿದರು. ಮಗಳು ಏಜ್ಡ್ ಕೇರ್‌ನಲ್ಲಿ ರೂಮು ನೋಡಿ ಬಂದಿದ್ದಳು. ಅವಳನ್ನು ಬೈಯುವಂತೆಯೂ ಇರಲಿಲ್ಲ. ಮನೆಯಲ್ಲಿ ಆಂಟಿ ಸರಿಯಾಗಿ ಮಲಗಿ ಎಷ್ಟೋ ದಿನಗಳಾಗಿದ್ದವು. ಅಂಕಲ್ ಎರಡು ಸಲ ಬೀದಿಯಲ್ಲಿ ದಾರಿ ತಪ್ಪಿದ್ದರು. ಆದರೂ ಆಂಟಿ ಮಗಳ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು.

"ಜೂನ್ ವಿಂಡೋ ಅವರೇ ಮಾಡ್ಲಿ, ಯಾರೂ ಹೇಳಿಕೊಡದೆ. ಸರಿಯಾಗಿ ಮಾಡಿದ್ರೆ ಈ ಚಳಿಗಾಲ ಮನೇಲೇ ಇರ್ತಾರೆ. ಇಲ್ಲದಿದ್ರೆ ನೀನು ಹೇಳ್ದಂಗೆ ಅಂತ ಅವಳಿಗೆ ಅಂದಿದೀನಿ." ಆಮೇಲೆ, "ನೀನು ಬರ್ತೀಯಾ? ಕತ್ತರಿ ಕೊಡೋಕೆ ಯಾರಾದ್ರೂ ಬೇಕು. ನಾನೇ ಕೊಟ್ರೆ ಹೇಳಿಕೊಟ್ಟೆ ಅಂತಾಳೆ," ಎಂದರು.

ಟಿಕೆಟ್ ಬುಕ್ ಮಾಡಿಕೊಂಡು ಹೋದೆ. ಏರ್‌ಪೋರ್ಟಿನಿಂದ ಮನೆಗೆ ಬಂದಾಗ ಅಂಕಲ್ ನನ್ನನ್ನು ನೋಡಿ, "ಬನ್ನಿ ಬನ್ನಿ," ಎಂದರು. ಶಾನುಭೋಗರೇ ಎನ್ನಲಿಲ್ಲ. ನಾನು ಕಾದೆ. ಎನ್ನಲಿಲ್ಲ.

ಆ ಶನಿವಾರ ಬೆಳಿಗ್ಗೆ ಮಗಳು ಸೋಫಾದಲ್ಲಿ ಫೋನ್ ಹಿಡಿದುಕೊಂಡು ಕೂತಳು, ಅದನ್ನು ನೋಡದೆ. ಆಂಟಿ ಊಟದ ಮೇಜಿನಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಅಂಕಲ್ ಬಂದು ಕಿಟಕಿಯ ಮುಂದೆ ನಿಂತರು. ಎಲೆಗಳು ತೂಗುತ್ತಿದ್ದವು, ಅವನ್ನು ಮಾರ್ಚ್‌ನಲ್ಲಿ ಆಂಟಿಯೇ ಕಟ್ಟಿದ್ದರು. ಅಂಕಲ್ ಬಹಳ ಹೊತ್ತು ನಿಂತೇ ಇದ್ದರು. ಬೀನ್ಸ್ ಮುರಿಯುವ ಸದ್ದು ನಿಂತುಹೋಯಿತು.

ಆಮೇಲೆ ಅವರ ಕೈ ಮೇಲೆ ಹೋಯಿತು. ಒಂದು ದಾರ ಹಿಡಿದು, ಬೆರಳಿಗೆ ಸುತ್ತಿಕೊಂಡು, ಎಲೆಗೆ ನೋವಾಗದ ಹಾಗೆ ಇಳಿಸಿದರು. ಇನ್ನೊಂದು. ಮತ್ತೊಂದು. ಪಿನ್ನುಗಳು ತುಟಿಗೆ ಹೋದವು. "ಉಂ ಉಂ," ಎಂದರು. ಕತ್ತರಿ ಕೊಟ್ಟೆ. "ಉಂ ಉಂಉಂ." ಸಣ್ಣದು ಕೊಟ್ಟೆ. ಆ ಭಾಷೆ ಮಾತ್ರ ಒಂದು ಅಕ್ಷರವೂ ಅಳಿಸದೆ ಉಳಿದಿತ್ತು.

ಎಲೆಗಳು ಡಬ್ಬಕ್ಕೆ ಹೋದವು. ಕೊಂಬೆ ಬಂತು. ಕೊಡೆ ಹೋಯಿತು, ರೈನ್‌ಕೋಟು ಹೋಯಿತು. ಬೊಂಬೆಯ ತೋಳುಗಳನ್ನು ಸ್ವೆಟರಿನೊಳಗೆ ತೂರಿಸುವಾಗ, ಮಗುವಿಗೆ ತೊಡಿಸುವ ಹಾಗೆ ಮೊದಲು ಅದರ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡರು. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದರು. ಲೋಟದಿಂದ ಹಬೆ ಎದ್ದಿತು. ತುದಿಯಲ್ಲಿ ಇದೆಯೋ ಇಲ್ಲವೋ ಎನ್ನುವ ಹಾಗೆ. ಕೊನೆಗೆ ಡಬ್ಬ ತೆರೆದು, ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಒಂದನ್ನು ಆರಿಸಿ ಕೊಂಬೆಯ ಕೆಳಗಿಟ್ಟು ಡಬ್ಬ ಮುಚ್ಚಿದರು. ಒಂದೇ ಒಂದು. ಪಿನ್ನುಗಳನ್ನು ತಾವೇ ಬಾಯಿಂದ ತೆಗೆದು ಡಬ್ಬಿಗೆ ಹಾಕಿದರು.

ಆಂಟಿ ಮಗಳನ್ನು ನೋಡಿದರು. ಮಗಳ ಕಣ್ಣು ತುಂಬಿತ್ತು.

"ಓಕೆ ಅಮ್ಮ," ಎಂದಳು. "ಒನ್ ಮೋರ್ ವಿಂಟರ್."

ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು, ಬೀನ್ಸ್ ಚೂರುಗಳನ್ನೆಲ್ಲ ಮತ್ತೆ ಬುಟ್ಟಿಗೇ ಸುರಿದರು. ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನೋಡಬೇಕಲ್ಲ, ಎದುರಿನ ಫುಟ್‌ಪಾತಿನಿಂದ. ನಾನು ಕಿಟಕಿಯೊಳಗೆ ಬೊಂಬೆಯ ಪಕ್ಕ ನಿಂತೆ. ಆಂಟಿ ನನ್ನ ಹಿಂದೆ.

ಬೀದಿ ದಾಟಿದರು. ತಿರುಗಿ ನಿಂತರು. ಒಂದು ಕಣ್ಣು ಮುಚ್ಚಿ ನೋಡಿದರು. ನಾನು ಬೊಂಬೆಯ ಮೇಲೆ ಕೈಯಿಟ್ಟು ಕಾದೆ. ಎಡಕ್ಕೂ ಕೈ ಬರಲಿಲ್ಲ, ಬಲಕ್ಕೂ ಬರಲಿಲ್ಲ. ಕೈ ಎರಡೂ ಮೇಲೇಳಲಿಲ್ಲ. ಗಾಳಿ ಬೀಸುತ್ತಿತ್ತು, ಅವರ ಶರ್ಟು ಮೈಗೆ ಅಂಟಿ ಅಂಟಿ ಬಿಡುತ್ತಿತ್ತು. ಆಂಟಿ ಕೈ ಬೀಸಿದರು. ಅವರು ತುಸು ತಡೆದು, ಗುರುತಿಲ್ಲದವರಿಗೆ ಬೀಸುವ ಹಾಗೆ, ಎದೆಯ ಹತ್ತಿರದಲ್ಲೇ ಕೈಯಾಡಿಸಿದರು.

ನಾನು ಹೊರಗೆ ಹೋದೆ.

"ಹೆಂಗಿದೆ ಅಂಕಲ್?"

"ಬಹಳ ಚೆನ್ನಾಗಿದೆ," ಎಂದರು, ಕಿಟಕಿಯಿಂದ ಕಣ್ಣು ತೆಗೆಯದೆ. "ಕೆಲಸ ಗೊತ್ತಿರೋರು ಮಾಡಿದಾರೆ. ಹಬೆ ನೋಡಿ, ಹಬೆ. ಹಿಂದಿನದೊಂದು ಎಲೇನೂ ಬಿಟ್ಟಿದಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಯಾರ ಮನೆ ಇದು?"

ಮಗಳು ಅಷ್ಟರಲ್ಲಿ ಹೊಸಿಲಿಗೆ ಬಂದು ನಿಂತಿದ್ದಳು. ಬೀದಿ ದೊಡ್ಡದೇನಲ್ಲ, ಅವಳಿಗೆ ಕೇಳಿಸಿತು.

"ಒಳಗೆ ಹೋಗೋಣ ಬನ್ನಿ ಅಂಕಲ್. ಚಳಿ," ಎಂದೆ.

"ಛೆ ಛೆ. ಕರೀದೆ ಹೆಂಗೆ ಹೋಗೋದು? ಗುರುತು ಪರಿಚಯ ಇಲ್ಲ."

ತೋಳು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡರು. ಮಗಳು "ಡ್ಯಾಡ್" ಎಂದು ಒಂದು ಸಲ ಕರೆದಳು. ಅವರು ಹಿಂದೆ ತಿರುಗಿ, ಯಾರನ್ನು ಕರೆಯುತ್ತಿದ್ದಾಳೆ ಎಂದು ನೋಡಿದರು.

ಆಗ ಆಂಟಿ ಬಂದರು. ಸೆರಗು ಸರಿಮಾಡಿಕೊಂಡು, ಮಗಳನ್ನು ದಾಟಿ, ಬೀದಿ ದಾಟಿ ಬಂದು ಅವರ ಮುಂದೆ ನಿಂತು, ಮನೆಗೆ ಬಂದ ಹೊಸಬರಿಗೆ ಮಾಡುವ ಹಾಗೆ ಕೈ ಮುಗಿದರು.

"ನಮಸ್ಕಾರ. ಹೊರಗೇ ನಿಂತುಬಿಟ್ರಲ್ಲ. ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಿ."

ಅಂಕಲ್ ಮುಖ ಅರಳಿತು. "ನೀವು ಕನ್ನಡದವರಾ! ಎಲ್ಲಾಯ್ತು ಊರು?"

"ಮೈಸೂರು."

"ಒಳ್ಳೇ ಊರು. ನಮ್ಮನೆಯವಳದ್ದೂ ಅದೇ," ಎಂದು ಹೇಳಿ ಆಂಟಿಯ ಹಿಂದೆ ಬೀದಿ ದಾಟಿದರು. ಬಾಗಿಲಲ್ಲಿ ಚಪ್ಪಲಿಯನ್ನು ಯಾವಾಗಲೂ ಬಿಡುವ ಸ್ಟ್ಯಾಂಡಿನಲ್ಲಿ ಬಿಡದೆ, ಅತಿಥಿಗಳು ಬಿಡುವ ಹಾಗೆ ಹೊರಗೆ ಗೋಡೆಯ ಪಕ್ಕ ಬಿಟ್ಟರು. ಸೋಫಾದ ತುದಿಯಲ್ಲಿ ಕೂತರು. ಆಂಟಿ ತಂದುಕೊಟ್ಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮ ಯಜಮಾನ್ರು ಕಾಣಲಿಲ್ಲ?"

"ಹೊರಗೆ ಹೋಗಿದಾರೆ. ಬರ್ತಾರೆ."

"ಅವರಿಗೆ ಹೇಳಿ, ಕಿಟಕಿ ಬಹಳ ಚೆನ್ನಾಗಿ ಮಾಡಿದಾರೆ ಅಂತ."

"ಹೇಳ್ತೀನಿ," ಎಂದರು ಆಂಟಿ.

ಮಗಳು ಒಳರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಕೊಟ್ಟ ಮಾತು ಅಲ್ಲಿಗೆ ಮುಗಿದಿದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಶಾಲೆಗಳ ರಜೆ ಮುಗಿಯುವಷ್ಟರಲ್ಲಿ ಅಂಕಲ್ ಏಜ್ಡ್ ಕೇರ್‌ನ ಆ ರೂಮಿಗೆ ಹೋದರು. ಅದರ ಕಿಟಕಿ ಕಾರ್ ಪಾರ್ಕಿಗೆ ತೆರೆದಿತ್ತು, ಗಾಜಿಗೆ ಏನನ್ನೂ ಅಂಟಿಸುವಂತಿರಲಿಲ್ಲ. ಆದರೆ ಅದು ಆಮೇಲಿನದು. ಆ ಮಧ್ಯಾಹ್ನ ಅವರು ಲೋಟ ಕೆಳಗಿಟ್ಟು, "ಹೋಗಿ ಬರ್ತೀನಮ್ಮ," ಎಂದು ಎದ್ದರು.

ನಾನು ಆಂಟಿಯನ್ನು ನೋಡಿದೆ. ಎಲ್ಲಿಗೆ ಹೋಗಿ ಬರುತ್ತಾರೆ?

"ಅಡುಗೆ ಆಗೋಯ್ತು. ಊಟ ಮಾಡ್ಕೊಂಡೇ ಹೋಗಿ," ಎಂದರು ಆಂಟಿ.

ಕೂತರು. ಊಟವಾದ ಮೇಲೆ ಮತ್ತೆ ಎದ್ದರು. ಬಿಸಿಲು ಇಳೀಲಿ ಎಂದರು ಆಂಟಿ. ಹೊರಗೆ ಬಿಸಿಲೇ ಇರಲಿಲ್ಲ. ಕೂತರು. ಸಂಜೆ ಮತ್ತೆ ಎದ್ದು, ಗೋಡೆಯ ಪಕ್ಕದ ಚಪ್ಪಲಿಯಲ್ಲಿ ಒಂದು ಕಾಲನ್ನೂ ಇಟ್ಟರು.

"ಕತ್ತಲಾಗ್ತಾ ಬಂತು. ಈ ಚಳೀಲಿ ಎಲ್ಲಿ ಹೋಗ್ತೀರಿ? ಇವತ್ತೊಂದು ದಿನ ಇದ್ದು ಹೋಗಿ," ಎಂದರು ಆಂಟಿ, ಬಾಗಿಲಿಗೆ ಒರಗಿಕೊಂಡು.

ಅಂಕಲ್ ಸಂಕೋಚದಿಂದ ಬೀದಿಯನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.

"ನಿಮಗೆ ತೊಂದರೆ ಆಗಲ್ಲ ತಾನೆ?"

"ತೊಂದರೆ ಏನು ಬಂತು," ಎಂದರು ಆಂಟಿ. "ನಿಮ್ಮದೇ ಮನೆ ಅಂದ್ಕೊಳ್ಳಿ."